ತಂಡಕ್ಕೆ ಕೊಟ್ಟ ಅಧಿಕಾರವನ್ನು ಮತ್ತೆ ಕಿತ್ತುಕೊಳ್ಳಬೇಡಿ

ಮೈಸೂರಿನ ಹೂಟಗಳ್ಳಿ ಕೈಗಾರಿಕಾ ಪ್ರದೇಶದಲ್ಲಿ, ವಾಹನಗಳ ವೈರಿಂಗ್ ತಯಾರಿಸುವ ಕಾರ್ಖಾನೆಯೊಂದರ ಉತ್ಪಾದನಾ ವಿಭಾಗವನ್ನು ನಾನು ನೋಡಿಕೊಳ್ಳುತ್ತೇನೆ. ನಮ್ಮ ಲೈನ್‌ಗಳಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ನಗರದ ಕಡೆಯ ಊರುಗಳಿಂದ ಕಂಪನಿ ಬಸ್ಸಿನಲ್ಲಿ ಬರುತ್ತಾರೆ. ಬಸ್ಸು ಹತ್ತುವ ಮೊದಲೇ ಹಸು ಕರೆದು, ಡೇರಿಗೆ ಹಾಲು ಹಾಕಿ, ಮನೆಮಂದಿಗೆಲ್ಲ ಅಡುಗೆ ಮಾಡಿಟ್ಟಿರುತ್ತಾರೆ. ಸ್ತ್ರೀಶಕ್ತಿ ಸಂಘದ ಸಾಲ, ಉಳಿತಾಯದ ಲೆಕ್ಕ ಬರೆಯುವವರೂ ಇವರಲ್ಲಿದ್ದಾರೆ. ಅಂಥವರು ಗೇಟಿನೊಳಗೆ ಕಾಲಿಟ್ಟ ಮೇಲೆ ಒಂದು ಸುರುಳಿ ಟೇಪು ಬೇಕಾದರೂ ಸೂಪರ್‌ವೈಸರ್ ಸಹಿಗೆ ಕಾಯಬೇಕು ಎಂಬುದು ನನಗೆ ಎಂದೂ ಒಪ್ಪಿಗೆಯಾಗಿಲ್ಲ.

ತಂಡಗಳು ತಮ್ಮ ಕೆಲಸವನ್ನು ತಾವೇ ನಿಭಾಯಿಸಬೇಕು ಎಂಬ ಮಾತು ಈಗ ಎಲ್ಲ ತರಬೇತಿಗಳಲ್ಲೂ ಕೇಳಿಬರುತ್ತದೆ. ಅದು ಇತ್ತೀಚಿನ ಮಾತೂ ಅಲ್ಲ, ಹೊರದೇಶದಲ್ಲಷ್ಟೇ ನಡೆಯುವ ಸಂಗತಿಯೂ ಅಲ್ಲ. 1953ರಲ್ಲಿ, ಕೆಲಸದ ಜಾಗದ ಮಾನವ ಸಂಬಂಧಗಳನ್ನು ಅಧ್ಯಯನ ಮಾಡುವ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ.ಕೆ. ರೈಸ್ ಅಹಮದಾಬಾದಿನ ಕ್ಯಾಲಿಕೊ ಗಿರಣಿಯಲ್ಲಿ ಇದನ್ನು ಪ್ರಯೋಗಿಸಿದರು. ಅಲ್ಲಿ ಸ್ವಯಂಚಾಲಿತ ಮಗ್ಗಗಳು ಬಂದಿದ್ದವು, ಆದರೆ ನಿರೀಕ್ಷಿಸಿದಷ್ಟು ಉತ್ಪಾದನೆ ಬರುತ್ತಿರಲಿಲ್ಲ. ನೂಲು ತುಂಡಾದರೆ ಗಂಟು ಹಾಕಲು ಒಬ್ಬ, ಎಣ್ಣೆ ಬಿಡಲು ಇನ್ನೊಬ್ಬ, ಗುಡಿಸಲು ಮತ್ತೊಬ್ಬ. ಹೀಗೆ ಕೆಲಸ ಚೂರುಚೂರಾಗಿತ್ತು. ಒಂದು ಮಗ್ಗ ಸರಿಯಾಗಿ ನಡೆಯುವ ಹೊಣೆ ಮಾತ್ರ ಯಾರದೂ ಆಗಿರಲಿಲ್ಲ. ರೈಸ್ ಸೂಚಿಸಿದ್ದು ಇಷ್ಟೇ: ಇಂತಿಷ್ಟು ಮಗ್ಗಗಳಿಗೆ ಒಂದು ಸಣ್ಣ ಗುಂಪು, ಅವುಗಳ ಪೂರ್ತಿ ಜವಾಬ್ದಾರಿ ಆ ಗುಂಪಿನದು. ಗುಂಪುಗಳನ್ನು ಕಟ್ಟಿಕೊಂಡವರು ನೇಕಾರರೇ. ಉತ್ಪಾದನೆ ಏರಿತು, ಕೆಟ್ಟ ಬಟ್ಟೆಯ ಪ್ರಮಾಣ ಇಳಿಯಿತು. 1970ರಲ್ಲಿ ಅದೇ ಸಂಸ್ಥೆಯ ಎರಿಕ್ ಮಿಲ್ಲರ್ ಮತ್ತೆ ಹೋಗಿ ನೋಡಿದಾಗ ಒಂದು ಕಡೆ ಆ ಪದ್ಧತಿ ಇನ್ನೂ ಉಳಿದಿತ್ತು, ಬೇರೆಡೆ ಸವೆದುಹೋಗಿತ್ತು. ಆರಂಭಿಸುವುದಕ್ಕಿಂತ ಉಳಿಸಿಕೊಳ್ಳುವುದೇ ಕಷ್ಟ ಎಂಬುದು ನನ್ನ ಅನುಭವವೂ ಹೌದು.

ನಮ್ಮಲ್ಲಿ ನಾನು ಮೊದಲು ಬಿಟ್ಟುಕೊಟ್ಟದ್ದು ರಜೆಯ ಪಟ್ಟಿಯನ್ನು. ಗುರಿ, ಗುಣಮಟ್ಟ, ಯಂತ್ರ ಎಲ್ಲವನ್ನೂ ಬಿಟ್ಟು ರಜೆ ಏಕೆಂದರೆ, ಆ ವಿಷಯದಲ್ಲಿ ನಮಗಿಂತ ಹೆಚ್ಚು ತಿಳಿದವರು ಅವರೇ. ಪಿತೃಪಕ್ಷವನ್ನು ನೋಡಿ. ಮಂಡ್ಯದ ಕಡೆ ಹಿರಿಯರಿಗೆ ಎಡೆ ಇಡುವ ದಿನ ಮನೆಯಿಂದ ಮನೆಗೆ, ಊರಿಂದ ಊರಿಗೆ ಬೇರೆ. ಆ ದಿನ ಮನೆಯ ಸೊಸೆ ಕೆಲಸಕ್ಕೆ ಬರುವುದು ಸಾಧ್ಯವೇ ಇಲ್ಲ. ಹಿಂದೆಲ್ಲ ಆ ಹದಿನೈದು ದಿನ ಸೂಪರ್‌ವೈಸರ್ ಮೇಜಿನ ಮುಂದೆ ಸಾಲು, ಅಳು, ಸುಳ್ಳು ಜ್ವರ. ಈಗ ಪಕ್ಷ ಶುರುವಾಗುವ ಮೊದಲೇ ಊಟದ ಹೊತ್ತಿನಲ್ಲಿ ಅವರೇ ಕುಳಿತು ಯಾರ ಮನೆಯ ಹಬ್ಬ ಎಂದು ಕೇಳಿ ಹೊಂದಿಸಿಕೊಳ್ಳುತ್ತಾರೆ. ನಾನು ಹಾಕಿದ ಷರತ್ತು ಒಂದೇ: ವೈರಿಂಗ್ ಜೋಡಿಸುವ ಪ್ರತಿ ಬೋರ್ಡಿನ ಮುಂದೆ ಆ ಕೆಲಸ ಬಲ್ಲವರು ಇರಬೇಕು. ಈ ಷರತ್ತಿನಿಂದಾಗಿಯೇ ಟೇಪ್ ಸುತ್ತುವವರು ಕನೆಕ್ಟರ್ ಜೋಡಿಸುವುದನ್ನು ಕಲಿತರು, ಕನೆಕ್ಟರ್‌ನವರು ಟೆಸ್ಟಿಂಗ್ ಕಲಿತರು. ತರಬೇತಿ ವಿಭಾಗ ಹೇಳಿ ಹೇಳಿ ಆಗದ ಕೆಲಸ ಇದು. ನಾಳೆ ತನಗೂ ರಜೆ ಬೇಕಾಗುತ್ತದೆ ಎಂದು ಗೊತ್ತಿದ್ದಾಗ ಪಕ್ಕದವಳ ಕೆಲಸ ಕಲಿಯಲು ಯಾರೂ ಬೇಸರಿಸಿಕೊಳ್ಳುವುದಿಲ್ಲ.

ಆಮೇಲೆ ಅಂಕಿಅಂಶ. ರಿಜೆಕ್ಷನ್ ಎಷ್ಟು, ಗ್ರಾಹಕರಿಂದ ಬಂದ ದೂರು ಏನು, ಇಂದು ಯಾವ ಲಾರಿಗೆ ಎಷ್ಟು ಪೆಟ್ಟಿಗೆ ಹೋಗಬೇಕು ಎಂಬುದೆಲ್ಲ ನಮ್ಮ ಕಂಪ್ಯೂಟರಿನಲ್ಲಿ ಭದ್ರವಾಗಿತ್ತು. ಅದನ್ನು ಲೈನಿನ ತಲೆಯಲ್ಲಿರುವ ಬಿಳಿ ಫಲಕಕ್ಕೆ ತಂದೆವು, ಕನ್ನಡದಲ್ಲಿ, ಅವರದೇ ಕೈಬರಹದಲ್ಲಿ. ಲೆಕ್ಕ ಬಚ್ಚಿಟ್ಟುಕೊಂಡು ತೀರ್ಮಾನ ಮಾತ್ರ ನೀವೇ ಮಾಡಿ ಎನ್ನುವುದು ಅನ್ಯಾಯ.

ನಿಜವಾದ ಪರೀಕ್ಷೆ ಬಂದದ್ದು ಕ್ರಿಂಪಿಂಗ್ ಯಂತ್ರದ ಬಳಿ. ತಂತಿಯ ತುದಿಯ ಸಿಪ್ಪೆ ತೆಗೆದು, ಅದಕ್ಕೊಂದು ಲೋಹದ ಟರ್ಮಿನಲ್ ಕೂರಿಸಿ ಒತ್ತುವ ಕೆಲಸ ಅದು. ಟರ್ಮಿನಲ್ಲಿನ ಎರಡು ರೆಕ್ಕೆಗಳು ಮಡಚಿಕೊಂಡು ತಾಮ್ರದ ಎಳೆಗಳನ್ನು ಬಿಗಿಯಾಗಿ ಹಿಡಿಯಬೇಕು. ಒತ್ತು ಕಡಿಮೆಯಾದರೆ ತಂತಿ ಜಾರಿ ಬರುತ್ತದೆ, ಹೆಚ್ಚಾದರೆ ಎಳೆಗಳು ಕತ್ತರಿಸಿಹೋಗುತ್ತವೆ. ಒತ್ತಿದ ಭಾಗದ ಎತ್ತರವನ್ನು ಮೈಕ್ರೋಮೀಟರ್ ಎಂಬ ಉಪಕರಣದಿಂದ ಅಳೆಯುತ್ತಾರೆ. ಮಿಲಿಮೀಟರಿನ ನೂರನೇ ಭಾಗಗಳ ವ್ಯವಹಾರ. ಒಂದು ಸಂಜೆ ಲಾರಿ ಬಂದು ನಿಂತಿದ್ದಾಗ, ಆ ಯಂತ್ರದಲ್ಲಿದ್ದ ಪಾಂಡವಪುರದ ಕಡೆಯ ಹುಡುಗಿ ಅಳತೆ ಮಿತಿಯ ಅಂಚಿಗೆ ಬಂದಿರುವುದನ್ನು ಕಂಡು ಯಂತ್ರ ನಿಲ್ಲಿಸಿದಳು. ಅಳತೆ ಇನ್ನೂ ಮಿತಿಯೊಳಗೇ ಇತ್ತು. ಆದರೆ ಬೆಳಗಿನಿಂದ ಒಂದೇ ದಿಕ್ಕಿಗೆ ಸರಿಯುತ್ತಿದೆ ಎಂದು ಅವಳೇ ಬರೆದಿಟ್ಟ ಹಾಳೆ ಹೇಳುತ್ತಿತ್ತು. ಕೈಯಿಂದ ಒಂದು ತುಂಡನ್ನು ಎಳೆದು, ಎಳೆಗಳು ಕದಲಿದ್ದನ್ನು ನನಗೆ ತೋರಿಸಿದಳು.

ಮೇಲಿನಿಂದ ಫೋನು ಬಂತು. ಮಿತಿಯೊಳಗಿದ್ದರೆ ಕಳುಹಿಸಿಬಿಡಿ ಎಂದರು. ಟೊಯೋಟಾದಲ್ಲಿ ತೊಂದರೆ ಕಂಡ ಕೆಲಸಗಾರ ಹಗ್ಗ ಎಳೆದು ಲೈನ್ ನಿಲ್ಲಿಸಬಹುದು ಎಂಬ ಕತೆಯನ್ನು ನಮ್ಮ ಸಭೆಗಳಲ್ಲಿ ಎಲ್ಲರೂ ಮೆಚ್ಚಿ ಹೇಳುತ್ತಾರೆ. ಲಾರಿ ಕಾಯುತ್ತಿರುವಾಗ ಆ ಮೆಚ್ಚುಗೆ ಎಷ್ಟರಮಟ್ಟಿನದು ಎಂದು ತಿಳಿಯುತ್ತದೆ. ನಿಲ್ಲಿಸುವ ಅಧಿಕಾರವನ್ನು ತಂಡಕ್ಕೆ ಕೊಟ್ಟಿದ್ದೇವೆ, ಅವರು ನಿಲ್ಲಿಸಿದ್ದಾರೆ, ಲಾರಿ ತಡವಾಗುತ್ತದೆ ಎಂದು ಗ್ರಾಹಕರಿಗೆ ನಾನೇ ತಿಳಿಸುತ್ತೇನೆ ಎಂದು ಹೇಳಿದೆ. ಅಷ್ಟರಲ್ಲಿ ತಂಡದವರು ಹಿಂದಿನ ತಪಾಸಣೆಯ ನಂತರದ ಪೆಟ್ಟಿಗೆಗಳನ್ನೆಲ್ಲ ಬೇರೆ ಇಟ್ಟು, ಎಳೆದು ಪರೀಕ್ಷಿಸಲು ಇಬ್ಬರನ್ನು ನೇಮಿಸಿ, ನಿರ್ವಹಣಾ ವಿಭಾಗದಿಂದ ಟರ್ಮಿನಲ್ ಒತ್ತುವ ಹೊಸ ಅಚ್ಚನ್ನು (ಅಪ್ಲಿಕೇಟರ್) ತರಿಸಿಕೊಂಡಿದ್ದರು. ಯಾರೂ ನನ್ನನ್ನು ಕೇಳಲಿಲ್ಲ. ಅದನ್ನು ಕಂಡಾಗ ನನಗಾದ ಸಂತೋಷ ಇಂದಿಗೂ ಹಾಗೆಯೇ ಇದೆ. ಆ ಹೊತ್ತಿನಲ್ಲಿ ನಾನು ಅವಳ ತೀರ್ಮಾನವನ್ನು ಅಳಿಸಿಹಾಕಿದ್ದರೆ ಆ ಲೈನಿನಲ್ಲಿ ಇನ್ನು ಯಾರೂ ಯಂತ್ರ ನಿಲ್ಲಿಸುತ್ತಿರಲಿಲ್ಲ.

ಮುಂದಾಳಿಗೆ ಎಲ್ಲಕ್ಕಿಂತ ಕಷ್ಟದ ಕೆಲಸ ಬಾಯಿ ಮುಚ್ಚಿಕೊಂಡಿರುವುದು. "ಮೇಡಂ, ಏನು ಮಾಡೋಣ?" ಎಂದು ಬಂದಾಗ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. "ನಿಮಗೇನು ಅನ್ನಿಸುತ್ತದೆ ಅಕ್ಕ?" ಎಂದು ಕೇಳಿ ಕಾಯಬೇಕು. ಹಿರಿಯರೊಬ್ಬರು ಮೊದಮೊದಲು ಸಿಟ್ಟಾಗಿದ್ದರು. "ಸಂಬಳ ನಿಮಗೆ, ಯೋಚನೆ ನಮಗಾ?" ಎಂದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಮುಂದೆ ಬರುತ್ತೇನೆ.

ತಂಡಕ್ಕೆ ಬಿಡಬಾರದ ವಿಷಯಗಳೂ ಇವೆ, ಅವನ್ನು ಮೊದಲೇ ಬಾಯಿಬಿಟ್ಟು ಹೇಳಬೇಕು. ಕಾನೂನಿನಲ್ಲೂ ಸುರಕ್ಷತೆಯ ಹೊಣೆ ಆಡಳಿತದ್ದು. ಯಂತ್ರದ ರಕ್ಷಣಾ ಕವಚ (ಗಾರ್ಡ್) ತೆಗೆದು ಕೆಲಸ ಮಾಡೋಣ ಎಂದು ಇಡೀ ತಂಡ ಒಪ್ಪಿದರೂ ಅದು ನಡೆಯಕೂಡದು. ಶಿಸ್ತುಕ್ರಮವನ್ನೂ ಅವರ ತಲೆಗೆ ಕಟ್ಟಬಾರದು. ಒಂದೇ ಊರಿನವರು, ಒಂದೇ ಬಸ್ಸಿನಲ್ಲಿ ಮನೆಗೆ ಹೋಗುವವರು ಒಬ್ಬರಿಗೊಬ್ಬರು ಶಿಕ್ಷೆ ಕೊಡುವಂತೆ ಮಾಡಿದರೆ ಆ ಗಾಯ ಊರಿನವರೆಗೂ ಹೋಗುತ್ತದೆ.

ಸೂಪರ್‌ವೈಸರ್‌ಗಳ ಭಯವನ್ನು ಲಘುವಾಗಿ ಕಾಣುವುದೂ ತಪ್ಪು. ತಂಡವೇ ಎಲ್ಲ ನೋಡಿಕೊಂಡರೆ ತಮ್ಮ ಕುರ್ಚಿ ಹೋಯಿತು ಎಂದು ಅವರು ಅಂದುಕೊಳ್ಳುವುದು ಸಹಜ. ಸ್ವನಿರ್ವಹಣೆಯ ಹೆಸರಿನಲ್ಲಿ ಹುದ್ದೆ ಕಡಿತ ಮಾಡುವ ಕಾರ್ಖಾನೆಗಳೂ ಇವೆ. ನಮ್ಮಲ್ಲಿ ಅವರ ಕೆಲಸ ತಂಡದೊಳಗಿನಿಂದ ತಂಡದ ಗಡಿಗೆ ಸರಿಯಿತು. ಸ್ಟೋರ್ಸ್‌ನಿಂದ ಸಾಮಾನು ಬರುವಂತೆ ನೋಡುವುದು, ನಿರ್ವಹಣಾ ವಿಭಾಗದ ಬೆನ್ನು ಹತ್ತುವುದು, ಇಂಜಿನಿಯರ್‌ಗಳು ಡ್ರಾಯಿಂಗ್ ಬದಲಿಸಿದರೆ ಮೊದಲೇ ತಿಳಿಸುವುದು. ಹಿಂದೆ ಇವಕ್ಕೆ ಅವರಿಗೆ ಸಮಯವೇ ಇರಲಿಲ್ಲ. ಹಾಜರಿ ಮತ್ತು ಜಗಳದಲ್ಲೇ ಶಿಫ್ಟ್ ಮುಗಿಯುತ್ತಿತ್ತು.

ಇನ್ನು ಆ ಹಿರಿಯರ ಪ್ರಶ್ನೆ. ಮೂರು ಕೆಲಸ ಬಲ್ಲವರಿಗೆ, ಸರದಿಯಂತೆ ತಂಡದ ಸಂಚಾಲಕಿಯಾಗುವವರಿಗೆ ಹಣದ ರೂಪದಲ್ಲಿ ಏನೂ ಹೆಚ್ಚಿಗೆ ಸಿಗದಿದ್ದರೆ ಇದೆಲ್ಲ ಬರಿಯ ಉಪಚಾರದ ಮಾತಾಗುತ್ತದೆ. ಬಹುಕೌಶಲ್ಯಕ್ಕೆ ಪ್ರತ್ಯೇಕ ಭತ್ಯೆ ಕೊಡಬೇಕೆಂದು ಆಡಳಿತಕ್ಕೆ ಬರೆದಿದ್ದೇನೆ. ಯಾರಿಗೆ ಯಾವ ಕೆಲಸ ಬರುತ್ತದೆ ಎಂಬ ಪಟ್ಟಿಯನ್ನು ತಂಡದವರೇ ತಯಾರಿಸಿ ಸಹಿ ಹಾಕಿ ಕೊಟ್ಟಿದ್ದಾರೆ, ಅದನ್ನೂ ಲಗತ್ತಿಸಿದ್ದೇನೆ. ಈ ತಿಂಗಳ ಸಭೆಯಲ್ಲಿ ಆ ವಿಷಯ ಚರ್ಚೆಗೆ ಬರುತ್ತದೆ. ತಂಡದ ಪರವಾಗಿ ಇಬ್ಬರು ಸಭೆಯಲ್ಲಿ ಕುಳಿತುಕೊಳ್ಳಲು ಒಪ್ಪಿಗೆ ಸಿಕ್ಕಿದೆ, ಯಾರು ಬರುವುದು ಎಂದು ಅವರೇ ಆರಿಸಿಕೊಂಡಿದ್ದಾರೆ.