ಪುಕ್ಕಟೆ ಕಾಲಾಳು

ದಾವಣಗೆರೆಯ ಈ ಸೆಖೆಗೆ ಸಂಜೆವರೆಗೆ ಹೊರಗೆ ಕಾಲಿಡೋ ಹಾಗಿಲ್ಲ. ಅಕ್ಕನ ಮಗ ಚೆಸ್ ಬೋರ್ಡ್ ತಂದಿಟ್ಟ. 1858ರಲ್ಲಿ ಅಮೆರಿಕದ ಚೆಸ್ ಆಟಗಾರ ಪಾಲ್ ಮಾರ್ಫಿ ಪ್ಯಾರಿಸ್‌ನ ಒಪೆರಾ ಥಿಯೇಟರಿನಲ್ಲಿ ಕೂತು ಆಡಿದ ಆಟವನ್ನು ಒಂದೊಂದೇ ನಡೆ ನೋಡಿಕೊಂಡು ಮತ್ತೆ ಆಡಿದೆವು. ಬಿಳಿ ಕಾಯಿ ಮಾರ್ಫಿಯದು. ಕಪ್ಪು ಕಾಯಿ ಹಿಡಿದು ಒಟ್ಟಿಗೆ ಆಡಿದ ಎದುರಾಳಿಗಳು ಇಬ್ಬರು, ಒಬ್ಬ ಡ್ಯೂಕ್, ಒಬ್ಬ ಕೌಂಟ್. ಓಪನಿಂಗ್, ಅಂದರೆ ಆಟ ಶುರುವಾದ ಬಗೆ, ಫಿಲಿಡೋರ್ ಡಿಫೆನ್ಸ್.

ಎಲ್ಲರೂ ಹೊಗಳುವುದು 16ನೇ ನಡೆಯಲ್ಲಿ ರಾಣಿಯನ್ನೇ ಬಲಿ ಕೊಟ್ಟಿದ್ದನ್ನು. ಮರುನಡೆಗೆ ಆನೆಯಿಂದ ಚೆಕ್‌ಮೇಟ್, ಸರಿ. ನನಗೆ ಜಾಸ್ತಿ ಹಿಡಿಸಿದ್ದು 8ನೇ ನಡೆ. ಬಿ7 ಅನ್ನೋ ಮನೆಯಲ್ಲಿದ್ದ ಕಪ್ಪು ಕಾಲಾಳು ಮಾರ್ಫಿಯ ರಾಣಿಯ ಕೈಗೆ ಸಿಕ್ಕೇ ಬಿಟ್ಟಿತ್ತು.

"ಮಾಮಾ, ಪುಕ್ಕಟೆ ಸಿಗ್ತಿತ್ತಲ್ಲ, ಯಾಕೆ ಬಿಟ್ಟ?" ಅಂದ ಹುಡುಗ.

ಹೊಡೆದು ನೋಡು ಅಂದೆ. ಹೊಡೆದ. ಕಪ್ಪು ರಾಣಿ ಬಿ4ಕ್ಕೆ ಬಂದು ಚೆಕ್ ಕೊಟ್ಟಿತು, ರಾಣಿಗಳೆರಡೂ ಹೋದವು. ಒಂದು ಕಾಲಾಳು ಲಾಭ ನಿಜ, ಆದರೆ ಆಟ ಸಪ್ಪೆ. ಮಾರ್ಫಿ ಸುಮ್ನೆ ಇನ್ನೊಂದು ಕುದುರೆ ಹೊರಗೆ ತಂದಿದ್ದ. ಕಪ್ಪಿನ ಒಂದು ಒಂಟೆ, ಒಂದು ಆನೆ ಕೊನೆವರೆಗೂ ಕೂತ ಮನೆಯಿಂದ ಏಳಲೇ ಇಲ್ಲ. ಸೋಲದೆ ಇನ್ನೇನಾಗುತ್ತೆ, ಅಲ್ವಾ?

ನಮ್ಮ ಹುಡುಗ ಮಾತ್ರ ಒಪ್ಪಿಲ್ಲ. ಆ ಕಾಲಾಳನ್ನು ಹೊಡೆದೇ ಗೆಲ್ತೀನಿ ಅಂತ ಬಿಳಿ ಕಾಯಿ ಜೋಡಿಸಿಕೊಂಡು ಕೂತಿದ್ದಾನೆ. ಗೆದ್ದರೂ ಗೆದ್ದಾನು, ಎದುರಿಗೆ ಕೂತಿರೋದು ನಾನು ತಾನೇ!