ಲಾಗ್ ಏಕೆ ಬೆಳೆಯಿತು ಎಂಬುದನ್ನು ಮೊದಲು ನೋಡಬೇಕು

ಗಂಗಾವತಿಯ ಒಂದು ರೈಸ್ ಮಿಲ್ಲಿನ ಸರ್ವರ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ತೂಕದ ಚೀಟಿ, ಖರೀದಿ, ರೈತರಿಗೆ ಕೊಡಬೇಕಾದ ಬಾಕಿ, ಈ ಎಲ್ಲ ಲೆಕ್ಕವೂ ಒಂದೇ ವರ್ಚುಯಲ್ ಮಷೀನಿನಲ್ಲಿದ್ದು (ಸರ್ವರ್‌ನೊಳಗೆ ತಂತ್ರಾಂಶವೇ ರೂಪಿಸುವ ಕಂಪ್ಯೂಟರ್), ಅದರ ನಕಲನ್ನು ಇನ್ನೊಂದು ಸರ್ವರ್‌ನಲ್ಲಿ ಇಡುವ ಹೈಪರ್-ವಿ ರೆಪ್ಲಿಕಾದ ಮೂಲಕ ಅದರ ಬದಲಾವಣೆಗಳು 5 ನಿಮಿಷಕ್ಕೊಮ್ಮೆ ಬಳ್ಳಾರಿ ಕಚೇರಿಯ ಸರ್ವರ್‌ಗೆ ತಲುಪುತ್ತವೆ. ಕಳೆದ ಸುಗ್ಗಿಯಲ್ಲಿ, ಭತ್ತದ ಲಾರಿಗಳು ಗೇಟಿನಾಚೆಗೂ ಸಾಲುಗಟ್ಟಿ ನಿಂತಿದ್ದ ದಿನವೇ, ರೆಪ್ಲಿಕೇಷನ್ ‘ಕ್ರಿಟಿಕಲ್’ ಸ್ಥಿತಿಗೆ ಹೋಗಿ ರೀಸಿಂಕ್ ಬೇಕೆಂದು ತೋರಿಸಿತು.

ರೀಸಿಂಕ್ ಎಂದರೆ ಎರಡೂ ಕಡೆಯ ಡಿಸ್ಕನ್ನು ಬ್ಲಾಕ್ ಬ್ಲಾಕ್ ಆಗಿ ಹೋಲಿಸಿ, ವ್ಯತ್ಯಾಸವಿರುವುದನ್ನಷ್ಟೇ ಮತ್ತೆ ಕಳುಹಿಸುವ ಕೆಲಸ. ಹೋಲಿಕೆಗಾಗಿ ಇಡೀ ಡಿಸ್ಕನ್ನು ಓದಬೇಕಾಗುವುದರಿಂದ, ತೂಕದ ಕಾಟಾ ನಡೆಯುತ್ತಿರುವ ಹಗಲು ಹೊತ್ತಿನಲ್ಲಿ ಅದನ್ನು ಆರಂಭಿಸುವುದು ಸರಿಯಲ್ಲ. ಅದಕ್ಕಿಂತ ಮುಖ್ಯವಾಗಿ, ಕಾರಣ ತಿಳಿಯದೆ ರೀಸಿಂಕ್ ಮಾಡಿದರೆ ಅದೇ ತೊಂದರೆ ಮರಳಿ ಬರುತ್ತದೆ. ಕಳುಹಿಸಲಾಗದೆ ಉಳಿದ ಬದಲಾವಣೆಗಳು ಎಚ್‌ಆರ್‌ಎಲ್ ಎಂಬ ಲಾಗ್ ಫೈಲಿನಲ್ಲಿ ಕೂಡುತ್ತಾ ಹೋಗುತ್ತವೆ. ಆ ಲಾಗ್ ವರ್ಚುಯಲ್ ಡಿಸ್ಕಿನ ಅರ್ಧದಷ್ಟು ಗಾತ್ರವನ್ನು ದಾಟಿದರೆ ರೀಸಿಂಕ್ ಅನಿವಾರ್ಯವಾಗುತ್ತದೆ. ಎರಡೂ ಸರ್ವರ್‌ಗಳ ಗಡಿಯಾರ, ಫೈರ್‌ವಾಲ್, ಬಳ್ಳಾರಿಯ ಡಿಸ್ಕಿನಲ್ಲಿ ಉಳಿದ ಜಾಗ, ಮೂರೂ ಸರಿಯಾಗಿದ್ದವು. ರೆಪ್ಲಿಕೇಷನ್ನಿನ ಸ್ಥಿತಿಯನ್ನು ತಿಳಿಸುವ ಮೆಷರ್-ವಿಎಂರೆಪ್ಲಿಕೇಷನ್ ಆದೇಶದ ಉತ್ತರದಲ್ಲಿ ಮಾತ್ರ ಕಳುಹಿಸಬೇಕಾಗಿದ್ದ ಬಾಕಿ ಬೆಟ್ಟದಷ್ಟಿತ್ತು.

ದಿನವಿಡೀ ಬರೆಯುವ ಚೀಟಿಗಳಿಂದ ಅಷ್ಟು ಡೇಟಾ ಹುಟ್ಟಲು ಸಾಧ್ಯವೇ ಇಲ್ಲ. ಹುಡುಕಿದಾಗ, ರಾತ್ರಿ 10ಕ್ಕೆ ಡೇಟಾಬೇಸಿನ 30 ಜಿಬಿ ಬ್ಯಾಕಪ್ ಅದೇ ಡಿಸ್ಕಿಗೆ ಬರೆಯಲ್ಪಡುತ್ತಿರುವುದು ಕಂಡಿತು. ನಮ್ಮ ಲೈನ್ 10 ಎಂಬಿಪಿಎಸ್ (ಸೆಕೆಂಡಿಗೆ 10 ಮೆಗಾಬಿಟ್). ಪೂರ್ಣ ವೇಗದಲ್ಲಿ ಹೋದರೂ ಗಂಟೆಗೆ ಹೆಚ್ಚೆಂದರೆ 4.5 ಜಿಬಿ, ಅಂದರೆ ಆ ಒಂದು ಫೈಲಿಗೇ ಸುಮಾರು ಏಳು ತಾಸು. ರಸ್ತೆ ಅಗೆಯುವಾಗ ಫೈಬರ್ ತುಂಡಾಗಿ ಎರಡು ರಾತ್ರಿ ಲೈನ್ ಇಲ್ಲದಿದ್ದಾಗ, 120 ಜಿಬಿ ಡಿಸ್ಕಿನ ಲಾಗ್ ಮಿತಿಯನ್ನು ದಾಟಿತ್ತು. ಸ್ವಯಂಚಾಲಿತ ರೀಸಿಂಕ್‌ಗೆ ಮೊದಲೇ ನಿಗದಿಯಾಗಿರುವ ಹೊತ್ತು ಸಂಜೆ 6.30ರಿಂದ ಬೆಳಿಗ್ಗೆ 6. ಬ್ಯಾಕಪ್ ಕೂಡ ಅದರ ನಡುವೆಯೇ ಬಂದು ಕೂರುತ್ತಿತ್ತು.

ಬ್ಯಾಕಪ್‌ಗೆಂದು ಬೇರೆ ವರ್ಚುಯಲ್ ಡಿಸ್ಕ್ ಜೋಡಿಸಿ, ಅದನ್ನು ರೆಪ್ಲಿಕೇಷನ್‌ನಿಂದ ಹೊರಗಿಟ್ಟೆ. ಹೀಗೆ ಮಾಡಿದರೆ ಬ್ಯಾಕಪ್ ಮಿಲ್ಲಿನಲ್ಲಿಯೇ ಉಳಿಯುತ್ತದೆ ಎಂಬುದನ್ನು ಮರೆಯಬಾರದು. ಆದ್ದರಿಂದ ವಾರಕ್ಕೊಮ್ಮೆ ಅದರ ಪ್ರತಿಯನ್ನು ಪೋರ್ಟಬಲ್ ಡಿಸ್ಕಿನಲ್ಲಿ ಬಳ್ಳಾರಿಗೆ ಒಯ್ಯುತ್ತೇವೆ. ಅನಂತರವೇ, ಶನಿವಾರ ರಾತ್ರಿ, ರೀಸಿಂಕ್ ಆರಂಭಿಸಿದೆ. ಮರುದಿನ ಬಳ್ಳಾರಿಯಲ್ಲಿ, ಅಲ್ಲಿನ ನಕಲನ್ನು ಪರೀಕ್ಷೆಗಾಗಿ ಚಾಲೂ ಮಾಡಿ ನೋಡುವ ಟೆಸ್ಟ್ ಫೇಲ್‌ಓವರ್ ಮಾಡಿ ಲೆಕ್ಕದ ತಂತ್ರಾಂಶವನ್ನು ತೆರೆದು, ಮಿಲ್ಲಿನ ಗುಮಾಸ್ತರಿಂದ ಕೊನೆಯ ತೂಕದ ಚೀಟಿಯ ಸಂಖ್ಯೆಯನ್ನು ಫೋನಿನಲ್ಲಿ ಕೇಳಿದೆ. ಅವರು ಓದಿದ ಸಂಖ್ಯೆಯೇ ನನ್ನ ಎದುರಿನ ಪರದೆಯಲ್ಲಿಯೂ ಇತ್ತು.