ಅಂಗಡಿಯಲ್ಲಿ ಸಿಗದ ಸೊಪ್ಪು

"ಅಂಗಡೀಲೇ ಸಿಗಲ್ಲ ಅಂದ್ಮೇಲೆ ಅದು ತಿನ್ನೋ ವಸ್ತು ಅಲ್ಲ ಬಿಡಮ್ಮಾ."

ಮಂಗಳವಾರ ಕೇಳಿದ ಮಾತು. ವಾರ ಮುಗಿಯುತ್ತ ಬಂದರೂ ತಲೆಯಿಂದ ಇಳಿದಿಲ್ಲ. ಹೇಳಿದವರು ನನಗೆ ಪರಿಚಯದವರೂ ಅಲ್ಲ. ಕಿವಿ ಮುಚ್ಚುವ ಹಾಗೆ ಮಫ್ಲರ್ ಸುತ್ತಿಕೊಂಡು ವಾಕಿಂಗ್ ಬರುವ ಹಿರಿಯರು, ನೋಡಿದರೆ ತಲೆಯಾಡಿಸುವಷ್ಟು ಗುರುತು. ನಾನು ಮೈದಾನದ ಅಂಚಿನಲ್ಲಿ, ಬಿಸಿಲು ಬೀಳುವ ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಚಿಕ್‌ವೀಡ್ ಅನ್ನೋ ಕಳೆಸೊಪ್ಪು ಕತ್ತರಿಸಿ ಬಟ್ಟೆಚೀಲಕ್ಕೆ ತುಂಬುತ್ತಿದ್ದೆ. ಬೂಟು ಬಂದು ಪಕ್ಕದಲ್ಲಿ ನಿಂತಿತು.

"ಏನಮ್ಮಾ ಅದು ಕೀಳ್ತಿರೋದು?"

"ಗಿನಿ ಪಿಗ್‌ಗೆ ಸೊಪ್ಪು ಅಂಕಲ್."

"ಅಂಗಡೀಲಿ ಸಿಗಲ್ವಾ ಇದು?"

"ಇಲ್ಲ ಅಂಕಲ್."

ಆಮೇಲೆ ಬಂತು ಆ ತೀರ್ಪು. ವ್ಯಂಗ್ಯವೇನೂ ಇರಲಿಲ್ಲ, ಅದೇ ನನ್ನನ್ನು ಹೆಚ್ಚು ಕಾಡಿದ್ದು. ಮಳೆ ಬಂದರೆ ನೆಲ ನೆನೆಯುತ್ತದೆ ಎನ್ನುವಷ್ಟು ಸಹಜವಾಗಿ ಹೇಳಿ ಮುಂದೆ ನಡೆದರು. ನಾನು ಕತ್ತರಿ ಹಿಡಿದುಕೊಂಡು ನಕ್ಕೆ. ಸರಿಯಾದ ಉತ್ತರ ಹೊಳೆದದ್ದು ಮನೆಗೆ ಬಂದು ಕೈ ತೊಳೆಯುವಾಗ. ಅಲ್ಲಿಂದ ಇಲ್ಲಿಯವರೆಗೆ ಇನ್ನೂ ಒಳ್ಳೊಳ್ಳೆಯ ಉತ್ತರಗಳು ಹೊಳೆಯುತ್ತಲೇ ಇವೆ, ಅದರಲ್ಲೂ ರಾತ್ರಿ ಮಲಗಿದ ಮೇಲೆ.

ನ್ಯಾಯವಾಗಿ ಹೇಳಬೇಕೆಂದರೆ ಅಂಗಡಿ ತರಕಾರಿಯಲ್ಲೇ ಗಿನಿ ಪಿಗ್ ಸಾಕಬಹುದು. ನಾನೂ ದಪ್ಪ ಮೆಣಸಿನಕಾಯಿ ತರುತ್ತೇನೆ, ದಿನಾ ಒಂದೊಂದು ಹೋಳು ಕೊಡುತ್ತೇನೆ. ತಟ್ಟೆಯಲ್ಲಿ ಮುಖ್ಯವಾಗಿ ಇರಬೇಕಾದದ್ದು ಒಣಹುಲ್ಲು, ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚು ಅದೇ. ಇವುಗಳ 20 ಹಲ್ಲೂ ಸಾಯುವವರೆಗೆ ಬೆಳೆಯುತ್ತಲೇ ಇರುತ್ತವೆ. ಹುಲ್ಲು ಅಗಿದು ಅಗಿದು ಸವೆಸದಿದ್ದರೆ ಬಾಯಿ ಮುಚ್ಚಲಾಗದ ಸ್ಥಿತಿಗೆ ಬರುತ್ತವೆ. ಆದರೆ ಒಣಗಿದ ಹುಲ್ಲಿನಲ್ಲಿ ವಿಟಮಿನ್ ಸಿ ಉಳಿಯುವುದಿಲ್ಲ. ಕೆಜಿ ತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಬೇಕು, ಅದು ತಾಜಾ ಹಸಿರಿನಿಂದಲೇ ಬರಬೇಕು. ಎರಡು ಮೂರು ವಾರ ತಪ್ಪಿದರೆ ಕೂದಲು ಒರಟಾಗಿ, ಕೀಲು ಊದಿ, ಮುಟ್ಟಿದರೆ ಕಿರುಚುತ್ತವೆ. ನಮಗೆ ಮಾರಿದ ಅಂಗಡಿಯವನು ಒಂದು ಪುಟ್ಟ ಬಾಟಲಿ ಕೊಟ್ಟು, "ನೀರಿಗೆ ಎರಡು ಹನಿ ಹಾಕಿ, ಇನ್ನೇನೂ ಯೋಚನೆ ಬೇಡ" ಅಂದಿದ್ದ. ನೀರಿಗೆ ಬಿದ್ದ ವಿಟಮಿನ್ ಸಿ ಬೆಳಕು, ಗಾಳಿ ತಾಗಿ ಬೇಗ ಕೆಡುತ್ತದೆ, ರುಚಿ ಬದಲಾಯಿತೆಂದು ಕೆಲವು ನೀರನ್ನೇ ಮುಟ್ಟುವುದಿಲ್ಲ. ಬಣ್ಣಬಣ್ಣದ ಕಾಳಿನ ಪೊಟ್ಟಣವನ್ನೂ ಕಟ್ಟಿಕೊಟ್ಟಿದ್ದ ಪುಣ್ಯಾತ್ಮ. ಅದರಲ್ಲಿ ಗಿನಿ ಪಿಗ್‌ಗೆ ಬೇಕಾದದ್ದು ಏನಿತ್ತು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅಂಗಡಿಯಲ್ಲಿ ಸಿಗುವುದೆಲ್ಲ ತಿನ್ನುವ ವಸ್ತುವೂ ಅಲ್ಲ ಅಂಕಲ್. ನೋಡಿ, ಇದು ನನ್ನ ಬುಧವಾರ ರಾತ್ರಿಯ ಉತ್ತರ.

ಮೆಣಸಿನಕಾಯಿ ಸಾಕಾಗುವುದಾದರೆ ಚಳಿಯಲ್ಲಿ ಯಾಕೆ ಹೊರಗೆ ಹೋಗಬೇಕು? ನಮ್ಮ ಗಿನಿ ಪಿಗ್‌ಗಳು ಗುಂಡಮ್ಮ, ಚಿನ್ನಿ. ಗುಂಡಮ್ಮನನ್ನು ಕೇಳಬೇಕು. ಮೆಣಸಿನಕಾಯಿ ಇಟ್ಟರೆ ಬಂದು ತಿಂದು ಹೋಗುತ್ತಾಳೆ. ಚಿಕ್‌ವೀಡ್ ಇಟ್ಟ ದಿನ ಮೊದಲು ಬರುವುದು ಕೂಗು, ಆಮೇಲೆ ನಿಂತಲ್ಲೇ ಒಂದು ಜಿಗಿತ. ಚಿನ್ನಿ ಒಂದೆಳೆಯ ತುದಿಯನ್ನು ಕಚ್ಚಿಕೊಂಡರೆ ಉಳಿದ ಉದ್ದವೆಲ್ಲ ಕೈ ಮುಟ್ಟದೆ ಸರಸರನೆ ಒಳಗೆ ಹೋಗುತ್ತದೆ. ಕೊನೆಗೆ ಒಂದು ಪುಟ್ಟ ಬಿಳಿ ಹೂವು ಮೀಸೆಯ ಹತ್ತಿರ ಅರೆಗಳಿಗೆ ನಿಂತು ಮಾಯವಾಗುತ್ತದೆ. ಇದನ್ನು ನೋಡಲು ನಾನು ಯಾವ ಚಳಿಗೂ ಹೋಗುತ್ತೇನೆ.

ಚಳಿಗಾಲದಲ್ಲಿ ಏನೂ ಸಿಗುವುದಿಲ್ಲ ಅನ್ನುವವರು ನಿಂತೇ ನೋಡಿದವರು. ಹುಲ್ಲು ಬೆಳೆಯುವುದು ನಿಲ್ಲುತ್ತದೆ, ನಿಜ. ಮಣ್ಣಿನ ಶಾಖ 5–6 ಡಿಗ್ರಿಗಿಂತ ಕೆಳಗಿಳಿದರೆ ಹುಲ್ಲು ಹೆಚ್ಚುಕಡಿಮೆ ನಿದ್ದೆಯೇ. ಆದರೆ ಡ್ಯಾಂಡೆಲಿಯನ್ ಎಲ್ಲಿಗೂ ಹೋಗಿರುವುದಿಲ್ಲ. ಎಲೆಗಳನ್ನು ಚಕ್ರದಂತೆ ಹರಡಿ ನೆಲಕ್ಕೆ ಅಂಟಿಕೊಂಡಿರುತ್ತದೆ, ಅಷ್ಟೆ. ಬೆರಳು ತೂರಿಸಿ ಎತ್ತಿದರೆ ಅಡಿಯ ಎಲೆ ಮೆತ್ತಗೆ, ಹಸಿರಾಗಿ ಇರುತ್ತದೆ. ಅದರಲ್ಲಿ ಕ್ಯಾಲ್ಸಿಯಂ ಜಾಸ್ತಿ, ಗಿನಿ ಪಿಗ್‌ಗಳೋ ಮೂತ್ರಕೋಶದಲ್ಲಿ ಕಲ್ಲಾಗುವ ಜಾತಿ, ಹಾಗಾಗಿ ದಿನಾ ರಾಶಿ ಹಾಕುವಂತಿಲ್ಲ. ಬ್ಲ್ಯಾಕ್‌ಬೆರಿ ಪೊದೆ ಕೆಂಪಡರಿದ ಎಲೆಗಳನ್ನು ಚಳಿ ಮುಗಿಯುವ ತನಕ ಹಿಡಿದುಕೊಂಡಿರುತ್ತದೆ. ಕಾಂಡದ ಮುಳ್ಳು ನನ್ನ ಕೈಗೆ ಮಾತ್ರ ಚುಚ್ಚುತ್ತದೆ, ಎಲೆಯಡಿಯ ಸಣ್ಣ ಮುಳ್ಳನ್ನು ಗುಂಡಮ್ಮ ಲೆಕ್ಕಕ್ಕೇ ಇಟ್ಟಿಲ್ಲ. ಇನ್ನು ಚಿಕ್‌ವೀಡ್, ಇದು ಚಳಿಯಲ್ಲೇ ಹುಟ್ಟುವ ಗಿಡ. ಬೇರೆಲ್ಲ ಬಾಡುವಾಗ ಬೀಜ ಒಡೆದು, ಬಿಸಿಲು ಹಿಡಿದಿಟ್ಟುಕೊಳ್ಳುವ ಗೋಡೆ ಸಿಕ್ಕರೆ ಅದರ ಬುಡದಲ್ಲಿ ಚಾಪೆ ಹಾಸಿದಂತೆ ಹಬ್ಬುತ್ತದೆ.

ಅದನ್ನು ಗುರುತಿಸುವ ಕ್ರಮ ನನಗೆ ಭಾರಿ ಇಷ್ಟ. ಒಂದೆಳೆ ಕಿತ್ತು ಬೆಳಕಿಗೆ ಹಿಡಿದರೆ ದುಂಡನೆ ಕಾಂಡದ ಒಂದೇ ಪಕ್ಕದಲ್ಲಿ ಸಣ್ಣ ಕೂದಲಿನ ಒಂದೇ ಸಾಲು ಕಾಣುತ್ತದೆ. ಗೆಣ್ಣು ಬಂದಲ್ಲಿ ಆ ಸಾಲು ಪಕ್ಕ ಬದಲಿಸುತ್ತದೆ. ಹೂವಿಗೆ ಐದೇ ಎಸಳು, ಆದರೆ ಒಂದೊಂದೂ ಬುಡದ ತನಕ ಸೀಳಿರುವುದರಿಂದ ಹತ್ತು ಅನಿಸುತ್ತದೆ. ಇದರ ಜೊತೆಗೇ ಬೆಳೆಯುವ ಸ್ಕಾರ್ಲೆಟ್ ಪಿಂಪರ್ನೆಲ್ ಎಳೆಯದಾಗಿದ್ದಾಗ ಹೆಚ್ಚುಕಡಿಮೆ ಹೀಗೇ ಕಾಣುತ್ತದೆ, ಅದು ವಿಷ. ಅದರ ಕಾಂಡ ಚೌಕ, ಕೂದಲಿಲ್ಲ, ಎಲೆ ಮಗುಚಿದರೆ ಅಡಿಯಲ್ಲಿ ಕಪ್ಪು ಚುಕ್ಕೆ. ಎರಡನ್ನೂ ಬೇರ್ಪಡಿಸಲು ಮೂಗು ನೆಲಕ್ಕೆ ತಾಗುವಷ್ಟು ಬಗ್ಗಬೇಕು. ನಾನು ಹಾಗೆ ಬಗ್ಗಿದ್ದಾಗಲೇ ಬೂಟು ಬಂದದ್ದು.

ಆ ಬೂಟಿನ ಹಿಂದೆ ಒಂದು ಜೊತೆ ಚಪ್ಪಲಿಯೂ ಇತ್ತು, ಅದನ್ನು ಹೇಳಲಿಲ್ಲ. ಅವರ ಹೆಂಡತಿ. ಅಂಕಲ್ ತೀರ್ಪು ಕೊಟ್ಟು ಹೊರಟ ಮೇಲೆ ಆಕೆ ನಿಂತರು. ಮಂಡಿಗೆ ಕೈಕೊಟ್ಟು ನಿಧಾನ ಬಗ್ಗಿ ನನ್ನ ಚೀಲದಿಂದಲೇ ಒಂದೆಳೆ ಎತ್ತಿಕೊಂಡು ಚಿವುಟಿ, ಉಗುರಿನ ತುದಿ ನೋಡಿ, "ಹಾಲು ಬರಲ್ಲ ಅಲ್ವಾ ಇದಕ್ಕೆ?" ಅಂದರು.

"ಇಲ್ಲಮ್ಮಾ, ಬಂದ್ರೆ ಎಸೀತೀನಿ."

"ಹ್ಞೂಂ. ನಾವೂ ಮೊಲಕ್ಕೆ ಹಾಕ್ತಿದ್ವಿ."

ಅಷ್ಟೇ. ಗಂಡ ಮುಂದೆ ಹೋಗಿದ್ದರಿಂದ ಆಕೆಯೂ ಹೋದರು. ಹಾಲು ಬರುವುದೆಲ್ಲ ವಿಷವಲ್ಲ, ಡ್ಯಾಂಡೆಲಿಯನ್ ಮುರಿದರೂ ಹಾಲು ಸುರಿಯುತ್ತದೆ. ಆದರೆ ಚಿಕ್‌ವೀಡ್ ಅಂದುಕೊಂಡು ಕಿತ್ತದ್ದರಲ್ಲಿ ಹಾಲು ಬಂದರೆ ಅದು ಸ್ಪರ್ಜ್ ಎಂಬ ವಿಷಗಿಡ ಇರಬಹುದು, ಬಾಯಿ ಸುಟ್ಟುಹೋಗುತ್ತದೆ. ಕೇಳಬೇಕಾದ ಪ್ರಶ್ನೆಯನ್ನೇ ಆಕೆ ಕೇಳಿದ್ದರು. ಇಷ್ಟು ವರ್ಷ ಜೊತೆಗೆ ನಡೆದೂ ಹೆಂಡತಿಗೆ ಇದು ಗೊತ್ತು ಅನ್ನುವುದು ಆ ಮಹಾಶಯರಿಗೆ ಗೊತ್ತಿಲ್ಲ ಅಂತ ನನ್ನ ಊಹೆ. ನನಗೆ ಸಂಬಂಧವಿಲ್ಲದ ಮಾತು, ಆದರೂ ಬರೆಯುತ್ತಿದ್ದೇನೆ.

ಚಳಿಗಾಲದ ಇನ್ನೊಂದು ತಾಪತ್ರಯವೆಂದರೆ, ಈ ಕಾಲದಲ್ಲಿ ದೂರಕ್ಕೇ ಕಾಣುವ ಹಸಿರನ್ನು ನಂಬುವಂತಿಲ್ಲ. ಎಲ್ಲ ಬೋಳಾಗಿರುವಾಗ ಹೊಳೆಹೊಳೆಯುತ್ತ ನಿಂತಿರುವ ಐವಿ ಬಳ್ಳಿ, ಯೂ ಮರ, ಲಾರೆಲ್, ಪ್ರಿವೆಟ್ ಬೇಲಿ ಎಲ್ಲವೂ ಗಿನಿ ಪಿಗ್‌ಗೆ ವಿಷ. ಯೂ ಅಂತೂ ಸ್ವಲ್ಪವೇ ಸಾಕು. ಚಳಿ ಇನ್ನೂ ಇರುವಾಗಲೇ ಮಣ್ಣಿನಿಂದ ಕತ್ತಿಯಂತೆ ಮೇಲೇಳುವ ಡ್ಯಾಫೊಡಿಲ್‌ನಂಥ ಗೆಡ್ಡೆಗಿಡಗಳ ಚಿಗುರೂ ಹಾಗೆಯೇ. ಫಾಕ್ಸ್‌ಗ್ಲವ್ ಎಂಬ ವಿಷಗಿಡ ಹೂಬಿಡದ ಈ ಕಾಲದಲ್ಲಿ ಬರಿ ಎಲೆಗೊಂಚಲಾಗಿ ಕೂತಿರುತ್ತದೆ, ಗೊತ್ತಿಲ್ಲದವರಿಗೆ ಯಾವುದೋ ಸೊಪ್ಪು. ಗಿನಿ ಪಿಗ್‌ಗೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದದ್ದು ಹೋಯಿತು. ಅದಕ್ಕೇ ನೂರಕ್ಕೆ ನೂರು ಗೊತ್ತಿಲ್ಲದ ಎಲೆಯನ್ನು ನಾನು ಮುಟ್ಟುವುದಿಲ್ಲ, ನಾಯಿಗಳು ಕಾಲೆತ್ತುವ ದಾರಿಬದಿಯನ್ನು, ಔಷಧಿ ಹೊಡೆಯುವ ಹುಲ್ಲುಹಾಸನ್ನು ಬಿಟ್ಟುಬಿಡುತ್ತೇನೆ, ಹೊಸದೇನಾದರೂ ಸಿಕ್ಕರೆ ಮೊದಲ ದಿನ ಒಂದೇ ಎಲೆ. ಮಂಜುಗಟ್ಟಿ ಗರಿಗರಿಯಾದ ಎಲೆಯನ್ನೂ ಹಾಗೇ ಕೊಡುವುದಿಲ್ಲ, ಹೊಟ್ಟೆ ಕೆಡುತ್ತದೆ. ಬಿಸಿಲೇರಿ ಮಂಜು ಕರಗಿದ ಮೇಲೇ ಹೊರಡುವುದು. ನಿವೃತ್ತರು ವಾಕಿಂಗ್ ಬರುವುದೂ ಅದೇ ಹೊತ್ತಿಗೆ, ಬೇರೆ ದಾರಿಯಿಲ್ಲ.

ಪಕ್ಕದ ಮನೆಯವರು ಪಾಪ ಒಳ್ಳೆಯವರು. ಚಳಿ ಶುರುವಾಗುವ ಮೊದಲು ಕೊನೆಯ ಸಲ ಹಾಸು ಕತ್ತರಿಸಿದಾಗ ಯಂತ್ರದಿಂದ ಉದುರಿದ ಹುಲ್ಲನ್ನೆಲ್ಲ ಮೂಟೆ ಮಾಡಿ ತಂದುಕೊಟ್ಟರು. ಕೈ ಹಾಕಿದರೆ ಮೂಟೆಯ ಒಳಗೆ ಬೆಚ್ಚಗಿತ್ತು. ಯಂತ್ರ ಜಜ್ಜಿದ ಹುಲ್ಲು ಬೇಗ ಹುಳಿಯುತ್ತದೆ, ತಿಂದರೆ ಗ್ಯಾಸ್ ತುಂಬಿ ಪ್ರಾಣಕ್ಕೇ ಬರುತ್ತದೆ. ಥ್ಯಾಂಕ್ಸ್ ಹೇಳಿ ಗೊಬ್ಬರದ ಗುಂಡಿಗೆ ಸುರಿದೆ. ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಅನ್ನುವುದು ಹೇಗೆ ಅಂತ ನನಗೆ ಇನ್ನೂ ಗೊತ್ತಿಲ್ಲ. ಅವರು ಮಾತ್ರ ಸಿಕ್ಕಾಗಲೆಲ್ಲ "ತಿಂದ್ವಾ?" ಅಂತ ಕೇಳುತ್ತಾರೆ.

ನನ್ನನ್ನು ನಿಜವಾಗಿ ಕೆಣಕಿದ್ದು ಅಂಕಲ್‌ರ ಮಾತಿನ ಒಳಗಿದ್ದ ಕನಿಕರ. ಅದೇ ಮೈದಾನದಲ್ಲಿ, ಅದೇ ಚಳಿಯಲ್ಲಿ ಚಾಪೆ ಹಾಸಿ ಹಣೆ ನೆಲಕ್ಕೆ ತಾಗಿಸಿ ಆಸನ ಹಾಕುವವರಿದ್ದಾರೆ. ಅವರನ್ನು ನೋಡಿ ಎಲ್ಲರೂ ಶಹಬ್ಬಾಸ್ ಅನ್ನುತ್ತಾರೆ. ಕೈಯಲ್ಲಿ ಒಂದು ಚೀಲವಿದ್ದು ಅದರಲ್ಲಿ ನಾಲ್ಕು ಎಲೆ ಇದ್ದರೆ ಅದೇ ಬಾಗಿದ ಬೆನ್ನು ಬೇರೆ ಅರ್ಥ ಕೊಡುತ್ತದೆ. ಏನೋ ಕಷ್ಟ ಪಾಪ, ಅಥವಾ ತಲೆ ಸರಿಯಿಲ್ಲ. ದುಡ್ಡು ಕೊಟ್ಟು ತಂದದ್ದಕ್ಕೆ ಕಾರಣ ಯಾರೂ ಕೇಳುವುದಿಲ್ಲ. ನೆಲದಿಂದ ಎತ್ತಿಕೊಂಡದ್ದಕ್ಕೆ ದಾರಿಹೋಕರಿಗೂ ಲೆಕ್ಕ ಒಪ್ಪಿಸಬೇಕು. ನಮ್ಮ ಮಗನೂ ಹೀಗೇ. ಗಿನಿ ಪಿಗ್ ಬೇಕೇ ಬೇಕು ಅಂತ ಅತ್ತು ಕರೆದವನು ಅವನು. ಈಗ ಗೆಳೆಯರು ನೋಡುತ್ತಾರೆ ಅಂತ ಚೀಲ ಹಿಡಿಯಲು ನಾಚಿಕೆ. ಮನೆಯೊಳಗೆ ಬಂದ ಮೇಲೆ ಸೊಪ್ಪು ಹಾಕುವ ಕೆಲಸ ಮಾತ್ರ ಅವನದೇ, ಕೂಗಿ ಕುಣಿಯುವುದು ಅವನನ್ನು ನೋಡಿಯೇ. ಶ್ರಮ ನನ್ನದು, ಹೆಸರು ಅವನದು.

ಗುರುವಾರ ರಾತ್ರಿ ಹೊಳೆದ ಉತ್ತರ ಇದ್ದವುಗಳಲ್ಲೇ ಉತ್ತಮ, ಸ್ವಲ್ಪ ಉದ್ದ ಅಷ್ಟೆ. ಅಂಕಲ್, ನೀವೂ ನಮ್ಮ ಗುಂಡಮ್ಮನೂ ಒಂದೇ ಗುಂಪು. ನಾಯಿ, ಬೆಕ್ಕು, ಹಸು, ಇಲಿ ಎಲ್ಲ ತಮ್ಮ ಮೈಯಲ್ಲೇ ವಿಟಮಿನ್ ಸಿ ತಯಾರಿಸಿಕೊಳ್ಳುತ್ತವೆ. ಅದಕ್ಕೆ ಬೇಕಾದ ಕೊನೆಯ ಹಂತದ ಕಿಣ್ವ ಮನುಷ್ಯನಿಗಿಲ್ಲ, ಮಂಗಗಳಿಗಿಲ್ಲ, ಗಿನಿ ಪಿಗ್‌ಗಳಿಗಿಲ್ಲ. ಆ ಜೀನ್ ನಮ್ಮ ವಂಶದಲ್ಲೊಮ್ಮೆ, ಅವುಗಳ ವಂಶದಲ್ಲೊಮ್ಮೆ ಬೇರೆಬೇರೆಯಾಗಿ ಕೆಟ್ಟಿದೆ. 1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೋಡರ್ ಫ್ರೋಲಿಕ್ ಹಡಗಿನವರ ಬೆರಿಬೆರಿ ರೋಗ ಅರಿಯಲು ಹೋಗಿ ಗಿನಿ ಪಿಗ್‌ಗಳಿಗೆ ಬರಿ ಧಾನ್ಯ ತಿನ್ನಿಸಿದರು. ಬಂದದ್ದು ಬೆರಿಬೆರಿಯಲ್ಲ, ನಾವಿಕರ ಒಸಡು ಕೊಳೆಸುತ್ತಿದ್ದ ಸ್ಕರ್ವಿ. ತಾಜಾ ತರಕಾರಿ ಕೊಟ್ಟರೆ ಅದು ಬರುತ್ತಿರಲಿಲ್ಲ. 1932ರಲ್ಲಿ ಹಂಗೆರಿಯ ವಿಜ್ಞಾನಿ ಸೆಂಟ್-ಗ್ಯೋರ್ಗಿ ತಾನು ಬೇರ್ಪಡಿಸಿದ ಆಮ್ಲವೇ ವಿಟಮಿನ್ ಸಿ ಅಂತ ಖಾತ್ರಿಪಡಿಸಿಕೊಂಡದ್ದೂ ಗಿನಿ ಪಿಗ್‌ಗಳ ಮೇಲೆಯೇ. 1937ರ ನೊಬೆಲ್ ಅವರಿಗೆ ಬಂತು. ಅದಕ್ಕೂ ಎಷ್ಟೋ ಮೊದಲು ಕ್ಯಾಪ್ಟನ್ ಕುಕ್ ಹಡಗು ನಿಂತಲ್ಲೆಲ್ಲ ತನ್ನವರನ್ನು ದಡಕ್ಕಿಳಿಸಿ ಕಾಡು ಸೆಲರಿ ಕೀಳಿಸುತ್ತಿದ್ದ. ಆ ದಡಗಳಲ್ಲಿ ಅಂಗಡಿ ಇರಲಿಲ್ಲ. ಚೀಲ ಹಿಡಿದು ಬಗ್ಗಿದ್ದವರು ಗಟ್ಟಿಮುಟ್ಟಾದ ನಾವಿಕರು, ಅವರನ್ನು ಯಾರೂ ಪಾಪ ಅಂದಿರಲಿಕ್ಕಿಲ್ಲ.

ಇಷ್ಟನ್ನೂ ದಾರಿಯಲ್ಲಿ ನಿಲ್ಲಿಸಿ ಹೇಳಿದರೆ ಅವರು ಮೈದಾನವನ್ನೇ ಬದಲಿಸಿಯಾರು. ಶುಕ್ರವಾರ ಎದುರು ಸಿಕ್ಕಿದ್ದರು, ತಲೆಯಾಡಿಸಿದರು, ನಾನೂ ಆಡಿಸಿದೆ. ಆಕೆ ಜೊತೆಗಿರಲಿಲ್ಲ. ಕೇಳಬೇಕೆನಿಸಿದ್ದು ಆಕೆಯನ್ನೇ: ಮೊಲಕ್ಕೆ ಇನ್ನೇನೇನು ಹಾಕುತ್ತಿದ್ದಿರಿ, ಚಳಿಯಲ್ಲಿ ಎಲ್ಲಿ ಸಿಗುತ್ತಿತ್ತು?

ನಾಳೆಯಿಂದ ನೆಲ ಹೆಪ್ಪುಗಟ್ಟುವ ಚಳಿ ಅಂತ ಮುನ್ಸೂಚನೆ ಇದೆ. ಅದಕ್ಕೇ ಇವತ್ತೇ ಒಂದಿಷ್ಟು ಹೆಚ್ಚು ತಂದು, ತೊಳೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿಗೆ ಸೇರಿಸಿದ್ದೇನೆ. ಕಿಟಕಿಯ ಬಳಿ ತಟ್ಟೆಯಲ್ಲಿ ಬಿತ್ತಿದ ಗೋಧಿಯೂ ಬೆರಳುದ್ದ ಬಂದಿದೆ, ಇನ್ನೆರಡು ದಿನದಲ್ಲಿ ಕತ್ತರಿಸಬಹುದು. ತೊಂದರೆ ಒಂದೇ. ಸೊಪ್ಪು ಈಗ ಫ್ರಿಜ್ಜಿನಿಂದ ಬರುತ್ತದೆ ಅಂತ ಗುಂಡಮ್ಮನಿಗೆ ಗೊತ್ತಾಗಿಬಿಟ್ಟಿದೆ. ರಾತ್ರಿ ನೀರಿಗೆಂದು ಬಾಗಿಲು ತೆಗೆದರೂ ಸಾಕು, ಮನೆಮಂದಿಯೆಲ್ಲ ಎದ್ದು ಕೂರುವಂತೆ ಕೂಗುತ್ತಾಳೆ.